ಮೋರಿ, ಓಟಾ ಮತ್ತು ಒಂದು ಗೋಡೆ: ಮುಂಬೈ ಅಡುಗೆಮನೆಯ ನೂರು ವರ್ಷ

ಹೋದ ವಿಡಿಯೋದಲ್ಲಿ ನಮ್ಮನೆ ಅಡುಗೆಮನೆ ರಿನೋವೇಶನ್ ಬಗ್ಗೆ ಒಂದು ಮಾತು ಹೇಳಿ ಅಲ್ಲೇ ಬಿಟ್ಟಿದ್ದೆ. ಇತಿಹಾಸದ ಚಾನೆಲ್‌ಗೂ ಟೈಲ್ಸು, ಸಿಂಕಿಗೂ ಏನು ಸಂಬಂಧ ಅಂತ ಅನ್ನಿಸಿರಬಹುದು. ಈ ಸಲ ಅದೇ ವಿಷಯ. ಮಾತಾಡಿದ್ದನ್ನು ಸ್ವಲ್ಪ ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ನಾವಿರೋದು ಮುಲುಂಡ್ ಪೂರ್ವದಲ್ಲಿ. ಎಂಬತ್ತರ ದಶಕದ ಕಟ್ಟಡ, ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಸೇತುವೆ ದಾಟಿದರೆ ಐರೋಳಿ, ಅಲ್ಲೇ ಆಫೀಸು. ಅಡುಗೆಮನೆ ಏಳು ಅಡಿ ಅಗಲ, ಒಂಬತ್ತು ಅಡಿ ಉದ್ದ. ಹಾಲ್‌ಗೂ ಅಡುಗೆಮನೆಗೂ ಮಧ್ಯೆ ಇರೋ ಗೋಡೆ ತೆಗೆದು ಓಪನ್ ಕಿಚನ್ ಮಾಡೋದು, ಸಿಂಕನ್ನು ಎದುರು ಗೋಡೆಗೆ ಸರಿಸೋದು, ನಡುವೆ ಒಂದು ಕೌಂಟರ್ ಕಟ್ಟಿಸೋದು, ಇದು ನನ್ನ ಪ್ಲಾನ್. ಎರಡು ರಾತ್ರಿ ಕೂತು ಸ್ಕೆಚ್‌ಅಪ್‌ನಲ್ಲಿ ಮಾಡೆಲ್ ಕೂಡ ಮಾಡಿದೆ. ನೋಡೋಕೆ ಚೆನ್ನಾಗೇ ಇತ್ತು.

ಸೊಸೈಟಿಗೆ ಅರ್ಜಿ ಕೊಟ್ಟ ಮರುದಿನ ಕೆಳಗಿನ ಮನೆಯ ಕಾಕು ಬಂದು ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ ಮರಾಠಿ ಹೆಂಗಸು. "ಮೋರಿ ಹಲವತೋಸ್ ಕಾ?" ಅಂದರು. ಮೋರಿ ಸರಿಸ್ತೀಯಾ ಅಂತ.

ನಾನು ತುಮಕೂರಿನವನು. ನಮ್ಮ ಕಡೆ ಮೋರಿ ಅಂದರೆ ಬೀದಿಯಲ್ಲಿ ಕೊಳಚೆ ಹರಿಯೋ ಜಾಗ. ಅದು ಮನೆ ಒಳಗೆ ಹೇಗೆ ಬಂತು? ಕಾಕು ಹುಟ್ಟಿ ಬೆಳೆದಿದ್ದು ವರಳಿಯ ಬಿಡಿಡಿ ಚಾಳಿನಲ್ಲಿ. ಅಲ್ಲಿ ಮೋರಿ ಅಂದರೆ ಖೋಲಿಯ ಒಂದು ಮೂಲೆ. ಗಿಡ್ಡ ಕಟ್ಟೆ ಕಟ್ಟಿ, ಕೆಳಗೆ ನೀರು ಹೋಗೋಕೆ ತೂತು ಬಿಟ್ಟಿರುತ್ತೆ. ಪಾತ್ರೆ ತೊಳೆಯೋದು, ಅಕ್ಕಿ ತೊಳೆಯೋದು, ಸೀರೆ ಅಡ್ಡ ಕಟ್ಟಿಕೊಂಡು ಸ್ನಾನ ಮಾಡೋದು, ಎಲ್ಲ ಅಲ್ಲೇ. ಅದರ ಪಕ್ಕದಲ್ಲಿ ಒಲೆ. ಅಡುಗೆಮನೆ ಅಂತ ಬೇರೆ ಇರಲೇ ಇಲ್ಲ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಕೂಲಿಗಳ ವಸತಿ ನೋಡಿ ಗಾಬರಿಯಾದ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಹುಟ್ಟಿತು. ಬಿಡಿಡಿ ಅಂದರೆ ಅದೇ. ಹತ್ತಿಯ ಪ್ರತಿ ಬೇಲಿಗೆ ಒಂದು ರೂಪಾಯಿ ಸುಂಕ ಹಾಕಿ ಹಣ ಎತ್ತಿದರು. 50,000 ಖೋಲಿ ಕಟ್ತೀವಿ ಅಂದವರು ಸುಮಾರು 16,500 ಕಟ್ಟಿ ನಿಲ್ಲಿಸಿದರು. ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿ, ಹೀಗೆ ನಾಲ್ಕು ಕಡೆ ಸೇರಿ 207 ಕಟ್ಟಡ. ಒಂದೊಂದರಲ್ಲಿ 80 ಖೋಲಿ, ಒಂದೊಂದು ಖೋಲಿ 160 ಚದರಡಿ. ಲೆಕ್ಕ ಹಾಕಿದ್ದು ಮಿಲ್ಲಿಗೆ ಹೋಗಿ ಬಂದು ಮಲಗೋ ಗಂಡಸಿಗೆ. ಅವನಿಗೆ ಬೇಯಿಸಿ ಹಾಕುವವಳು ನಕ್ಷೆಯಲ್ಲಿ ಇರಲಿಲ್ಲ.

ಅದೇ ದಶಕದಲ್ಲಿ ಜರ್ಮನಿಯಲ್ಲಿ ಏನಾಗ್ತಿತ್ತು ಅಂತಲೂ ನೋಡಿ. 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಮಾರ್ಗರೆಟ್ ಶೂಟ್-ಲಿಹೊಟ್ಸ್ಕಿ ಅನ್ನೋ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಂಗಸು ಎಷ್ಟು ಹೆಜ್ಜೆ ಇಡ್ತಾಳೆ, ಯಾವ ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತೆ ಅಂತ ಅಳೆದು, ರೈಲಿನ ಊಟದ ಡಬ್ಬಿಯ ಅಡುಗೆಕೋಣೆ ನೋಡಿ ಮಾಡಿದ ವಿನ್ಯಾಸ. ಅಂಥವು ಸುಮಾರು 10,000 ಆದವು. ಇವತ್ತು ನಾವು ಮಾಡ್ಯುಲರ್ ಕಿಚನ್ ಅಂತ ಇಎಂಐ ಕಟ್ಟಿ ತರಿಸೋದರ ಮೂಲ ಅಲ್ಲಿದೆ. ತಮಾಷೆ ಅಂದರೆ, ಆಗ ತನಗೆ ಅಡುಗೆ ಬರ್ತಿರಲಿಲ್ಲ ಅಂತ ಆಕೆಯೇ ಆಮೇಲೆ ಹೇಳಿಕೊಂಡಿದ್ದಾರೆ. ನನ್ನ ಸ್ಕೆಚ್‌ಅಪ್ ಮಾಡೆಲ್ ನೆನಪಾಗಿ ಸ್ವಲ್ಪ ಮುಜುಗರ ಆಯ್ತು. ಆ ಅಡುಗೆಮನೆಗೂ ಒಂದು ದೋಷ ಇತ್ತು: ಒಬ್ಬಳು ಮಾತ್ರ ನಿಲ್ಲಬಹುದು. ಮಗಳೋ ಅತ್ತೆಯೋ ಗಂಡನೋ ಒಳಗೆ ಬಂದರೆ ಜಾಗ ಇಲ್ಲ.

ಮುಂಬೈಯಲ್ಲಿ ಉಲ್ಟಾ. ಅಡುಗೆಗೆ ಜಾಗ ಕೊಡದ ಖೋಲಿಗಳೇ ನೂರಾರು ಜನರ ಅಡುಗೆಮನೆ ಆದವು. ಊರಲ್ಲಿ ಸಂಸಾರ ಬಿಟ್ಟು ಬಂದ ಮಿಲ್ಲಿನ ಗಂಡಸರಿಗೆ ಚಾಳಿನ ಹೆಂಗಸರು ಖಾನಾವಳಿ ನಡೆಸಿದರು. ಹುಬ್ಬಳ್ಳಿ, ಧಾರವಾಡದ ಕಡೆಯವರಿಗೆ ಈ ಪದ ವಿವರಿಸಬೇಕಿಲ್ಲ. ಪಾಳಿಯ ಪ್ರಕಾರ ಊಟ, ತಿಂಗಳಿಗೆ ಲೆಕ್ಕ, ಕೈಯಲ್ಲಿ ದುಡ್ಡಿಲ್ಲದಾಗ ಬಡ್ಡಿಯವನ ಹತ್ತಿರ ಸಾಲ. 1975ರಲ್ಲಿ ಪ್ರೇಮಾ ಪುರವ್ ಈ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕ್ ಸಾಲ ಕೊಡಿಸಿದರು. 1982ರ ಜನವರಿಯಲ್ಲಿ ಮಿಲ್ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತಾಗ, ಸಂಬಳ ನಿಂತ ಮನೆಗಳ ಜೊತೆ ಈ ಒಲೆಗಳಿಗೂ ಹೊಡೆತ ಬಿತ್ತು. ಮುಷ್ಕರದ ಬಗ್ಗೆ ಎಷ್ಟೋ ಬರೆದಿದ್ದಾರೆ. ಖಾನಾವಳಿಯ ಲೆಕ್ಕದ ಪುಸ್ತಕಗಳ ಬಗ್ಗೆ ಬರೆದದ್ದು ಕಡಿಮೆ.

ನಮ್ಮವರ ಕಥೆಯೂ ಅದೇ ದಾರಿಯದು. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹೋಟೆಲಿನಲ್ಲೇ ದುಡಿದು, ಅಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದರು. ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ನಲ್ಲಿ ಈಗಲೂ ಬಾಳೆಲೆ ಊಟ ಸಿಗುತ್ತೆ. ಮನೆಯಲ್ಲಿ ಒಲೆ ಇಲ್ಲದವರಿಗೆ ಇಂಥ ಬೋರ್ಡಿಂಗೇ ಅಡುಗೆಮನೆ. ಪವಾಯಿಯ ಪಿಜಿಯಲ್ಲಿ ಕೂತು ಆ್ಯಪ್‌ನಲ್ಲಿ ಚಿತ್ರಾನ್ನ ಹುಡುಕೋ ನಮ್ಮ ಹುಡುಗರಿಗೆ ಇದು ಹೊಸದೇನಲ್ಲ.

ಅದೇ ಮಾಟುಂಗಾ, ದಾದರ್‌ನಲ್ಲಿ ಮೂವತ್ತು, ನಲವತ್ತರ ದಶಕಗಳಲ್ಲಿ ಗುಮಾಸ್ತರ, ಮೇಷ್ಟ್ರುಗಳ ಫ್ಲ್ಯಾಟುಗಳು ಎದ್ದವು. ನಿಖಿಲ್ ರಾವ್ ಅವರ 'ಹೌಸ್, ಬಟ್ ನೋ ಗಾರ್ಡನ್' (2013) ಅದರ ಮೇಲೇ ಬರೆದ ಪುಸ್ತಕ. ಅಡುಗೆ, ಸ್ನಾನ, ಶೌಚ ಎಲ್ಲ ಒಂದೇ ಬಾಗಿಲಿನ ಒಳಗೆ ಬಂದವು. ಅಡುಗೆಮನೆಗೆ ಗೋಡೆ ಬಂತು. ಆ ಗೋಡೆ ಹೊಗೆ ತಡೆಯೋಕೆ ಮಾತ್ರ ಅಂತ ನನಗನ್ನಿಸಲ್ಲ. ಒಳಗೆ ಯಾರು ಬರಬಹುದು, ಯಾರು ಹೊಸಿಲಾಚೆ ನಿಲ್ಲಬೇಕು ಅನ್ನೋ ಮಡಿ-ಮೈಲಿಗೆಯ ಲೆಕ್ಕವನ್ನೂ ಅದು ಕಾಯ್ತಿತ್ತು. ಓಪನ್ ಕಿಚನ್ ಬೇಡ ಅನ್ನುವವರೆಲ್ಲ ಬರೀ ಒಗ್ಗರಣೆ ಘಾಟಿನ ಬಗ್ಗೆ ಯೋಚಿಸ್ತಿದ್ದಾರೆ ಅಂತ ನಂಬಬೇಡಿ.

ಇನ್ನು ಓಟಾ. ಮರಾಠಿಯಲ್ಲಿ ಅಡುಗೆ ಕಟ್ಟೆಗೆ ಓಟಾ ಅಂತಾರೆ. ನೆಲದ ಮೇಲೆ ಕೂತು ಸೀಮೆಎಣ್ಣೆ ಸ್ಟೌ, ಇದ್ದಿಲ ಒಲೆಯಲ್ಲಿ ಬೇಯಿಸ್ತಿದ್ದವರು ಎದ್ದು ನಿಂತಿದ್ದು ಯಾವಾಗ? ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬೈಗೆ ಬರ್ಶೇನ್ ಗ್ಯಾಸ್ ತಂತು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಅನ್ನೋದು ಎಲ್‌ಪಿಜಿಯ ಸುರಕ್ಷತಾ ನಿಯಮ. ಹಾಗಾಗಿ ಗ್ಯಾಸ್ ಬಂದ ಮನೆಯಲ್ಲಿ ಕಟ್ಟೆ ಬೇಕೇ ಬೇಕು. ಒರಳನ್ನು ಕಟ್ಟೆ ಮೇಲಕ್ಕೆ ಎತ್ತಿದ್ದು ಮಿಕ್ಸಿ. ಹೆಂಡತಿಯ ಜರ್ಮನ್ ಮಿಕ್ಸಿ ಕೆಟ್ಟುಹೋದಾಗ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ 1963ರಲ್ಲಿ ನಮ್ಮ ರುಬ್ಬುವಿಕೆಗೆ ತಡೆಯುವಂಥ ಸುಮೀತ್ ಮಿಕ್ಸಿ ರೂಪಿಸಿದ್ದು ಇದೇ ಊರಲ್ಲಿ. ಕಟ್ಟೆಗೆ ಆಂಧ್ರದ ಕಪ್ಪು ಕಡಪ ಕಲ್ಲು ಹಾಕಿದರು. ಎತ್ತರ ಎಷ್ಟಿರಬೇಕು ಅಂತ ಮೇಸ್ತ್ರಿ ತೀರ್ಮಾನಿಸಿದ. ನಮ್ಮನೆಯದು 30 ಇಂಚು. ನನ್ನ ಹೆಂಡತಿಗೆ ಎಂಟು ವರ್ಷದಿಂದ ಸೊಂಟನೋವು. ಒಂದು ಸಲವೂ ನಾನು ಟೇಪ್ ಹಿಡಿದು ಅಳೆದಿರಲಿಲ್ಲ.

ಮತ್ತೆ ಕಾಕು ವಿಷಯಕ್ಕೆ. ಅವರ ಅಡುಗೆಮನೆ ಚಾವಣಿಯಲ್ಲಿ ದೊಡ್ಡ ಕಲೆ ಇದೆ. ನಮಗಿಂತ ಮುಂಚೆ ಈ ಮನೆಯಲ್ಲಿದ್ದವರು ಸಿಂಕ್ ಬದಲಾಯಿಸಿದಾಗ ಬಿದ್ದದ್ದಂತೆ. ನಾನು ಸಿಂಕ್ ಸರಿಸೋಣ ಅಂದುಕೊಂಡ ಜಾಗದ ನೇರ ಕೆಳಗೆ ಅವರ ಮಂಚ. ನೀರಿನ ಜಾಗದ ಕೆಳಗೆ ನೀರಿನ ಜಾಗವೇ ಇರೋ ಹಾಗೆ ಇಡೀ ಕಟ್ಟಡ ಕಟ್ಟಿರುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಡಿಪೆಂಡೆನ್ಸಿ ನೋಡದೆ ಮಾಡ್ಯೂಲ್ ಎತ್ತಿದವನಿಗೆ ಬೈಯುವ ನಾನೇ ಅದನ್ನ ಮಾಡೋಕೆ ಹೊರಟಿದ್ದೆ.

ಗೋಡೆಯೂ ಅಷ್ಟು ಹಗುರ ಮಾತಲ್ಲ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. 2017ರ ಜುಲೈ 25ರಂದು ನಮ್ಮಿಂದ ಐದು ಸ್ಟೇಷನ್ ಆಚೆ ಘಾಟ್ಕೋಪರ್‌ನಲ್ಲಿ ನಾಲ್ಕು ಮಹಡಿ ಕಟ್ಟಡ ಕುಸಿದು 17 ಜನ ಸತ್ತರು. ಆಗ ನೆಲಮಹಡಿಯಲ್ಲಿ ನಡೀತಿದ್ದದ್ದು ರಿನೋವೇಶನ್. ನಮ್ಮ ಗೋಡೆ ಭಾರ ಹೊರೋದಲ್ಲ, ಒಡೆಯಬಹುದು ಅಂತ ಕಂಟ್ರಾಕ್ಟರ್ ಬೆರಳಲ್ಲಿ ತಟ್ಟಿ ಹೇಳಿದ್ದ. ಎಂಜಿನಿಯರ್ ಕರೆಸಿ ನೋಡಿಸೋ ಮೊದಲೇ ಅಮ್ಮ ಆ ಪ್ರಶ್ನೆ ಮುಗಿಸಿದರು. ಊರಿಂದ ಬಂದಾಗ ಅವರು ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚೋದು ಆ ಗೋಡೆಗೆ ಬೆನ್ನು ಕೊಟ್ಟು. ನನ್ನ ಮಾಡೆಲ್‌ನಲ್ಲಿ ಆ ಜಾಗದಲ್ಲಿ ಕೌಂಟರ್ ಇತ್ತು. "ನಾನೆಲ್ಲಿ ಕೂತ್ಕೊಳ್ಲಪ್ಪ ಇದ್ರಲ್ಲಿ?" ಅಂದರು, ಲ್ಯಾಪ್‌ಟಾಪ್ ನೋಡಿ.

ಗೋಡೆ ಉಳೀತು, ಸಿಂಕ್ ಇದ್ದಲ್ಲೇ ಇದೆ. ಹೆಂಡತಿಯ ಮೊಣಕೈ ಅಳತೆ ಹಿಡಿದು ಓಟಾ 34 ಇಂಚಿಗೆ ಏರಿಸಿದ್ದೀವಿ. ಕಿಟಕಿಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್. ಗೋಡೆ ಪಕ್ಕ ಮೂರಡಿ ನೆಲ ಖಾಲಿ. ಹಳೇ ಟೈಲ್ಸ್ ಕಿತ್ತಾಗ ಸಿಂಕಿನ ಕೆಳಗೆ ಶಹಾಬಾದ್ ಕಲ್ಲು ಸಿಕ್ಕಿತು. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು. ಮುಂಬೈಯಿಂದ ರಾಯಚೂರಿಗೆ 1871ರಲ್ಲಿ ಮುಗಿದ ರೈಲು ದಾರಿಯಲ್ಲೇ ಶಹಾಬಾದ್ ಇರೋದು. ಮೂರು ಚಪ್ಪಡಿ ಒಡೆಯದೆ ಬಂದವು. ಅಮ್ಮ ಕೂರೋ ಜಾಗಕ್ಕೆ ಅವನ್ನೇ ಹಾಕಿಸ್ತೀವಿ.

ವರಳಿಯ ಬಿಡಿಡಿ ಚಾಳಿನವರಿಗೆ ಹೊಸ ಗೋಪುರದಲ್ಲಿ 500 ಚದರಡಿ ಮನೆ. 2025ರ ಆಗಸ್ಟ್‌ನಲ್ಲಿ ಮೊದಲ ಕುಟುಂಬಗಳಿಗೆ ಕೀಲಿ ಸಿಕ್ಕಿತು. ಕಾಕು ಅವರ ತಮ್ಮನ ಮನೆಯವರು ಇನ್ನೂ ಸರದಿಯಲ್ಲಿದ್ದಾರೆ. ಹೊಸ ಮನೆಯಲ್ಲಿ ಅಡುಗೆಮನೆ ಬೇರೆ ಇದೆ, ಆದರೆ ಮೋರಿ ಇಲ್ಲವಲ್ಲ, ದೊಡ್ಡ ಪಾತ್ರೆ ಎಲ್ಲಿ ತೊಳೆಯೋದು ಅಂತ ಕಾಕುಗೆ ಚಿಂತೆ.

ನಿನ್ನೆ ಬೆಳಗ್ಗೆ ವಾಟರ್‌ಪ್ರೂಫಿಂಗ್ ಮುಗಿಸಿ, ನೆಲದಲ್ಲಿ ನೀರು ಕಟ್ಟಿ ನಿಲ್ಲಿಸಿದ್ದೀವಿ. 48 ಗಂಟೆ ಬಿಡಬೇಕು. ಇದನ್ನು ಬರೆಯುವಾಗ 31 ಗಂಟೆ ಆಗಿದೆ. ಕಾಕು ಎರಡು ಸಲ ಫೋನ್ ಮಾಡಿ, ಚಾವಣಿ ಇನ್ನೂ ಒಣಗೇ ಇದೆ ಅಂದರು.