ಮಾರ್ಷಲ್ ದ್ವೀಪವಾಸಿಗಳ ಆಹಾರದಲ್ಲಿ ವಿಕಿರಣಶೀಲ ಸೀಸಿಯಂ

ಪೆಸಿಫಿಕ್ ಮಹಾಸಾಗರದ ಮಾರ್ಷಲ್ ದ್ವೀಪಗಳಲ್ಲಿ ಅಣ್ವಸ್ತ್ರ ಪರೀಕ್ಷೆಗಳಿಂದ ಉಳಿದು, ಆಹಾರದ ಮೂಲಕ ಜನರ ದೇಹವನ್ನು ಸೇರುವ ವಿಕಿರಣಶೀಲ ವಸ್ತುಗಳಲ್ಲಿ ಸೀಸಿಯಂ-೧೩೭ ಪ್ರಮುಖವಾದುದು. ಇದರ ಸೇವನೆಯ ಪ್ರಮಾಣವು ಹಲವು ದಶಕಗಳಿಂದ ಇಳಿಯುತ್ತಾ ಬಂದಿದೆ.

ಹಿನ್ನೆಲೆ

ಅಮೆರಿಕವು ೧೯೪೬ರಿಂದ ೧೯೫೮ರವರೆಗೆ ಈ ದ್ವೀಪಗಳಲ್ಲಿ ೬೭ ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿತು. ೧೯೫೪ರ ಮಾರ್ಚ್ ೧ರಂದು ಬಿಕಿನಿಯಲ್ಲಿ ಸಿಡಿಸಿದ ‘ಕ್ಯಾಸಲ್ ಬ್ರಾವೊ’ ಬಾಂಬಿನ ಶಕ್ತಿ ಸುಮಾರು ೧೫ ಮೆಗಾಟನ್. ಅದರ ವಿಕಿರಣಶೀಲ ಧೂಳು ರೊಂಗೆಲಾಪ್ ಹವಳದ್ವೀಪದ ಮೇಲೆ ಬಿದ್ದಿತು. ಸ್ಥಳಾಂತರಗೊಂಡ ನಿವಾಸಿಗಳು ೧೯೫೭ರಲ್ಲಿ ಮರಳಿದರು. ಆದರೆ ಮಕ್ಕಳ ಆರೋಗ್ಯದ ಆತಂಕದಿಂದ ೧೯೮೫ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ‘ರೈನ್‌ಬೋ ವಾರಿಯರ್’ ಹಡಗಿನಲ್ಲಿ ದ್ವೀಪವನ್ನು ತೊರೆದರು. ಬಿಕಿನಿಗೆ ಹಿಂದಿರುಗಿದ್ದ ಕುಟುಂಬಗಳ ದೇಹದಲ್ಲಿ ಸೀಸಿಯಂ ಹೆಚ್ಚಿದ್ದು ಕಂಡುಬಂದ ಮೇಲೆ ಅವರನ್ನು ೧೯೭೮ರಲ್ಲಿ ಮತ್ತೆ ಸ್ಥಳಾಂತರಿಸಲಾಯಿತು.

ಆಹಾರವನ್ನು ಸೇರುವ ಬಗೆ

ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಸಿಯಂ ಅನ್ನು ಹೋಲುತ್ತದೆ. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ತೀರ ಕಡಿಮೆ. ಸೀಸಿಯಂ ಅನ್ನು ಹಿಡಿದಿಡುವ ಜೇಡಿಯ ಅಂಶವೂ ಇಲ್ಲ. ಹೀಗಾಗಿ ಗಿಡಮರಗಳು ಸೀಸಿಯಂ ಅನ್ನು ಸುಲಭವಾಗಿ ಹೀರುತ್ತವೆ. ತೆಂಗು, ಕೇದಗೆ ಜಾತಿಯ ಹಣ್ಣು, ದೀವಿಹಲಸು (ಜೀಗುಜ್ಜೆ) ಮತ್ತು ತೆಂಗಿನ ಏಡಿ ಇದರ ಮುಖ್ಯ ಮೂಲಗಳು. ಸಮುದ್ರದ ಮೀನುಗಳಲ್ಲಿ ಇದರ ಪ್ರಮಾಣ ಬಹಳ ಕಡಿಮೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಸ್ಟ್ರಾನ್ಷಿಯಂ-೯೦ ಗಿಡಗಳನ್ನು ಅಷ್ಟಾಗಿ ಸೇರುವುದಿಲ್ಲ.

ಇಳಿಕೆಯ ಕಾರಣಗಳು

* ಕ್ಷಯ ಮತ್ತು ಮಳೆ: ಸೀಸಿಯಂ-೧೩೭ರ ಅರ್ಧಾಯುಷ್ಯ ಸುಮಾರು ೩೦ ವರ್ಷ. ಆದರೆ ಮಳೆನೀರು ಅದನ್ನು ಬೇರುಗಳ ಕೆಳಗೆ ಅಂತರ್ಜಲಕ್ಕೆ ಇಳಿಸುವುದರಿಂದ, ಮರಗಳಲ್ಲಿ ಅದು ಸುಮಾರು ೮.೫ ವರ್ಷಗಳಲ್ಲೇ ಅರ್ಧಕ್ಕಿಳಿಯುತ್ತದೆಂದು ಅಂದಾಜಿಸಲಾಗಿದೆ.
* ಪೊಟ್ಯಾಶ್ ಗೊಬ್ಬರ: ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯವು ಬಿಕಿನಿಯಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಪೊಟ್ಯಾಸಿಯಂ ಹಾಕಿದ ತೆಂಗಿನ ಮರಗಳ ಕಾಯಿಗಳಲ್ಲಿ ಸೀಸಿಯಂ ಮೊದಲಿನ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು.
* ಆಮದು ಆಹಾರ: ಅಕ್ಕಿ, ಹಿಟ್ಟು, ಡಬ್ಬಿಗಳಲ್ಲಿನ ಮಾಂಸ ಸ್ಥಳೀಯ ಬೆಳೆಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ.

ಇಳಿಕೆಯ ಅರ್ಥ

ಮೊದಲ ಎರಡು ಕಾರಣಗಳಿಂದ ನೆಲದ ಬೆಳೆಯೇ ಸುರಕ್ಷಿತವಾಗುತ್ತದೆ. ಮೂರನೆಯದರಿಂದ ಸೇವನೆ ಮಾತ್ರ ಕಡಿಮೆಯಾಗುತ್ತದೆ; ಹಡಗು ತಡವಾಗಿ ಜನರು ಸ್ಥಳೀಯ ಆಹಾರಕ್ಕೆ ಮರಳಿದರೆ ಸೇವನೆ ಮತ್ತೆ ಏರಬಹುದು. ಆಮದು ಆಹಾರದ ಅವಲಂಬನೆಯೊಂದಿಗೆ ಮಧುಮೇಹವೂ ಈ ದ್ವೀಪಗಳಲ್ಲಿ ವ್ಯಾಪಕವಾಗಿದೆ. ರೊಂಗೆಲಾಪ್ ಪುನರ್ವಸತಿಗಾಗಿ ೧೯೯೨ರಲ್ಲಿ ಆದ ಒಪ್ಪಂದವು, ಸ್ಥಳೀಯ ಆಹಾರವನ್ನಷ್ಟೇ ತಿನ್ನುವವರಿಗೂ ವರ್ಷಕ್ಕೆ ೧ ಮಿಲಿಸೀವರ್ಟ್ ಮೀರಬಾರದೆಂಬ ಷರತ್ತನ್ನು ಇಟ್ಟಿತು. ದೇಹದಲ್ಲಿನ ಸೀಸಿಯಂ ಅನ್ನು ಪೂರ್ಣದೇಹ ಗಣಕ ಯಂತ್ರದಿಂದ ನೇರವಾಗಿ ಅಳೆಯಲಾಗುತ್ತದೆ.

ಕರ್ನಾಟಕದಲ್ಲಿ ಆಹಾರ ಪರಿಶೀಲನೆ

ಭಾರತದಲ್ಲಿಯೂ ಅಣುಸ್ಥಾವರಗಳಿಂದ ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣದ ಮಿತಿ ವರ್ಷಕ್ಕೆ ೧ ಮಿಲಿಸೀವರ್ಟ್. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸುತ್ತಲಿನ ನೀರು, ಹಾಲು, ಮೀನು ಮತ್ತು ಬೆಳೆಗಳ ಮಾದರಿಗಳನ್ನು ಪರೀಕ್ಷಿಸುತ್ತದೆ.