ಮಿಗ್ ಬೆಸುಗೆ

ಮಿಗ್ ಬೆಸುಗೆ ಅಥವಾ ಮಿಗ್ ವೆಲ್ಡಿಂಗ್ ಎಂಬುದು ಲೋಹದ ಭಾಗಗಳನ್ನು ವಿದ್ಯುತ್ ಚಾಪದ ಶಾಖದಿಂದ ಕರಗಿಸಿ ಒಂದುಗೂಡಿಸುವ ವಿಧಾನಗಳಲ್ಲೊಂದು. ಸುರುಳಿಯಿಂದ ನಿರಂತರವಾಗಿ ಹೊರಬರುವ ಲೋಹದ ತಂತಿಯೇ ಇದರಲ್ಲಿ ವಿದ್ಯುದ್ವಾರವೂ ಹೌದು, ಸಂದನ್ನು ತುಂಬುವ ಲೋಹವೂ ಹೌದು. ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಬಂದೂಕಿನ ಆಕಾರದ ಹಿಡಿಕೆಯ ಮೂತಿಯಿಂದ ರಕ್ಷಕ ಅನಿಲವನ್ನು ಹಾಯಿಸಲಾಗುತ್ತದೆ. ತೆಳು ಮತ್ತು ಮಧ್ಯಮ ದಪ್ಪದ ಲೋಹವನ್ನು ಗಾಳಿಯ ಹೊಡೆತವಿಲ್ಲದ ಜಾಗದಲ್ಲಿ, ವೇಗವಾಗಿ, ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಬೆಸೆಯಬೇಕಾದಾಗ ಈ ವಿಧಾನ ಹೆಚ್ಚು ಸೂಕ್ತವೆನಿಸುತ್ತದೆ.

ಹೆಸರು

'ಮಿಗ್' ಎಂಬುದು 'ಮೆಟಲ್ ಇನರ್ಟ್ ಗ್ಯಾಸ್' ಎಂಬ ಪದಗಳ ಮೊದಲ ಅಕ್ಷರಗಳಿಂದಾದ ಹೆಸರು. ಆರ್ಗಾನ್, ಹೀಲಿಯಂಗಳಂತಹ ಜಡ ಅನಿಲಗಳನ್ನು ಬಳಸಿದಾಗ ಮಾತ್ರ ಈ ಹೆಸರು ಸರಿಹೊಂದುತ್ತದೆ. ಇಂಗಾಲದ ಡೈಆಕ್ಸೈಡ್ ಅಥವಾ ಅದರ ಮಿಶ್ರಣವು ಚಾಪದ ಶಾಖದಲ್ಲಿ ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಳ್ಳುವುದರಿಂದ, ಅದನ್ನು ಬಳಸುವ ಬೆಸುಗೆಯನ್ನು 'ಮೆಟಲ್ ಆಕ್ಟಿವ್ ಗ್ಯಾಸ್' ಅಂದರೆ 'ಮ್ಯಾಗ್' ಎನ್ನುತ್ತಾರೆ. ಇವೆರಡನ್ನೂ ಒಳಗೊಂಡ ಶಾಸ್ತ್ರೀಯ ಹೆಸರು 'ಗ್ಯಾಸ್ ಮೆಟಲ್ ಆರ್ಕ್ ವೆಲ್ಡಿಂಗ್'. ಭಾರತದ ಕಾರ್ಯಾಗಾರಗಳಲ್ಲಿ 'ಸಿಒಟು ವೆಲ್ಡಿಂಗ್' ಎಂಬ ಹೆಸರೂ ಬಳಕೆಯಲ್ಲಿದೆ. ರೂಢಿಯಲ್ಲಿ ಎಲ್ಲವನ್ನೂ 'ಮಿಗ್' ಎಂದೇ ಕರೆಯುವುದರಿಂದ ಈ ಲೇಖನದಲ್ಲಿಯೂ ಅದೇ ಹೆಸರನ್ನು ಬಳಸಲಾಗಿದೆ.

ಇತಿಹಾಸ

ಈ ವಿಧಾನವನ್ನು 1948ರಲ್ಲಿ ಅಮೆರಿಕದ ಬ್ಯಾಟೆಲ್ ಸ್ಮಾರಕ ಸಂಸ್ಥೆಯಲ್ಲಿ ಅಭಿವೃದ್ಧಿಪಡಿಸಲಾಯಿತು. ಆರಂಭದಲ್ಲಿ ಅಲ್ಯೂಮಿನಿಯಂ ಮೊದಲಾದ ಕಬ್ಬಿಣೇತರ ಲೋಹಗಳನ್ನು ಬೆಸೆಯುವುದೇ ಇದರ ಉದ್ದೇಶವಾಗಿತ್ತು. ಜಡ ಅನಿಲಗಳ ಬೆಲೆ ಹೆಚ್ಚಾಗಿದ್ದುದರಿಂದ ಉಕ್ಕಿನ ಕೆಲಸಕ್ಕೆ ಇದು ದುಬಾರಿಯೆನಿಸಿತು. 1953ರಲ್ಲಿ ಅಗ್ಗದ ಇಂಗಾಲದ ಡೈಆಕ್ಸೈಡನ್ನು ರಕ್ಷಕ ಅನಿಲವಾಗಿ ಬಳಸುವ ಕ್ರಮ ಬಂದ ಮೇಲೆ ಉಕ್ಕಿನ ಕೆಲಸದಲ್ಲಿ ಇದರ ಬಳಕೆ ಹರಡಿತು. 1950ರ ದಶಕದ ಕೊನೆಯಲ್ಲಿ ಸಣ್ಣ ವ್ಯಾಸದ ತಂತಿ ಮತ್ತು ಕಡಿಮೆ ಶಾಖದಿಂದ ಬೆಸೆಯುವ ಬಗೆ ರೂಪುಗೊಂಡು, ತೆಳು ತಗಡುಗಳನ್ನು ಬೆಸೆಯುವುದೂ ಸುಲಭವಾಯಿತು.

ಕಾರ್ಯವಿಧಾನ

ಯಂತ್ರದಲ್ಲಿ ವಿದ್ಯುತ್ ಮೂಲ, ತಂತಿಯನ್ನು ನೂಕುವ ಉರುಳೆಗಳು, ಹಿಡಿಕೆ, ಅನಿಲದ ಸಿಲಿಂಡರ್ ಮತ್ತು ಮರಳುವ ವಿದ್ಯುತ್ತಿಗಾಗಿ ಅರ್ಥ್ ಕ್ಲಾಂಪ್ ಇರುತ್ತವೆ. ಹಿಡಿಕೆಯ ಗುಂಡಿಯನ್ನು ಒತ್ತಿದೊಡನೆ ತಂತಿ, ವಿದ್ಯುತ್, ಅನಿಲ ಮೂರೂ ಒಟ್ಟಿಗೆ ಹರಿಯತೊಡಗುತ್ತವೆ. ತಂತಿಯನ್ನು ಸಾಮಾನ್ಯವಾಗಿ ನೇರ ವಿದ್ಯುತ್ತಿನ ಧನಧ್ರುವಕ್ಕೆ ಜೋಡಿಸಿರುತ್ತಾರೆ. ವೋಲ್ಟೇಜ್ ಸ್ಥಿರವಾಗಿರುವುದರಿಂದ ಕೈ ಸ್ವಲ್ಪ ಮೇಲೆ ಕೆಳಗಾದರೂ ಚಾಪದ ಉದ್ದವನ್ನು ಯಂತ್ರವೇ ಸರಿದೂಗಿಸುತ್ತದೆ. ಹೊಸಬರು ಬೇಗ ಕಲಿಯಲು ಇದೂ ಒಂದು ಕಾರಣ. ತಂತಿಯ ವೇಗ ಹೆಚ್ಚಿದಂತೆ ವಿದ್ಯುತ್ ಪ್ರವಾಹವೂ ಹೆಚ್ಚುತ್ತದೆ.

ತಂತಿಯಿಂದ ಲೋಹ ವರ್ಗವಾಗುವ ಬಗೆಗಳಲ್ಲಿ ಎರಡು ಮುಖ್ಯವಾದವು.

ಹ್ರಸ್ವಮಂಡಲ ವರ್ಗಾವಣೆಯಲ್ಲಿ ತಂತಿಯ ತುದಿ ಸೆಕೆಂಡಿಗೆ ಹತ್ತಾರು ಬಾರಿ ಕರಗಿದ ಲೋಹವನ್ನು ಮುಟ್ಟಿ ಹನಿಯಾಗಿ ಕಳಚಿಕೊಳ್ಳುತ್ತದೆ. ಶಾಖ ಕಡಿಮೆಯಾದ್ದರಿಂದ ಇದು ತೆಳು ತಗಡಿಗೆ ಯೋಗ್ಯ. ತಲೆಯ ಮೇಲಿನ ಅಥವಾ ಲಂಬವಾದ ಸಂದುಗಳಲ್ಲಿಯೂ ಬೆಸೆಯಬಹುದು.

ತುಂತುರು ವರ್ಗಾವಣೆಯಲ್ಲಿ ಹೆಚ್ಚಿನ ವೋಲ್ಟೇಜ್ ಮತ್ತು ಪ್ರವಾಹದಿಂದ ಲೋಹವು ಸೂಕ್ಷ್ಮ ಹನಿಗಳಾಗಿ ಹಾರುತ್ತದೆ. ಬೆಸುಗೆ ಆಳವಾಗಿ ಇಳಿಯುತ್ತದೆ, ಸಿಡಿಹನಿಗಳು ಕಡಿಮೆ. ಉಕ್ಕಿನಲ್ಲಿ ಇದಕ್ಕೆ ಆರ್ಗಾನ್ ಅಂಶ ಶೇಕಡಾ 80ಕ್ಕಿಂತ ಹೆಚ್ಚಿರುವ ಮಿಶ್ರಣ ಬೇಕು. ಕರಗಿದ ಲೋಹ ಹೆಚ್ಚು ದ್ರವವಾಗಿರುವುದರಿಂದ ಇದನ್ನು ಮಟ್ಟಸವಾಗಿರಿಸಿದ ದಪ್ಪ ಲೋಹಕ್ಕೆ ಬಳಸುತ್ತಾರೆ.

ರಕ್ಷಕ ಅನಿಲ

ಅನಿಲದ ಆಯ್ಕೆ ಲೋಹವನ್ನು ಅವಲಂಬಿಸಿದೆ. ಮೃದು ಉಕ್ಕಿಗೆ ಶುದ್ಧ ಇಂಗಾಲದ ಡೈಆಕ್ಸೈಡನ್ನು ಇಲ್ಲವೇ ಶೇಕಡಾ 75ರಿಂದ 80ರಷ್ಟು ಆರ್ಗಾನ್ ಮತ್ತು ಉಳಿದ ಭಾಗ ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣವನ್ನು ಬಳಸುತ್ತಾರೆ. ಮೊದಲನೆಯದು ಅಗ್ಗ ಮತ್ತು ಬೆಸುಗೆಯನ್ನು ಆಳಕ್ಕಿಳಿಸುತ್ತದೆ, ಆದರೆ ಸಿಡಿಹನಿ ಹೆಚ್ಚು. ಎರಡನೆಯದರಲ್ಲಿ ಚಾಪ ಶಾಂತವಾಗಿದ್ದು ಬೆಸುಗೆ ನಯವಾಗಿರುತ್ತದೆ. ಅಲ್ಯೂಮಿನಿಯಂಗೆ ಶುದ್ಧ ಆರ್ಗಾನ್ ಬೇಕು. ಸ್ಟೇನ್‌ಲೆಸ್ ಸ್ಟೀಲಿನ ತುಂತುರು ವರ್ಗಾವಣೆಗೆ ಆರ್ಗಾನಿಗೆ ಶೇಕಡಾ 2ರಷ್ಟು ಆಮ್ಲಜನಕ ಅಥವಾ ಇಂಗಾಲದ ಡೈಆಕ್ಸೈಡ್ ಬೆರೆಸುವುದುಂಟು. ಹರಿವಿನ ಪ್ರಮಾಣ ಸಾಮಾನ್ಯವಾಗಿ ನಿಮಿಷಕ್ಕೆ 10ರಿಂದ 20 ಲೀಟರ್. ಹರಿವು ಅತಿಯಾದರೂ ಸುಳಿಯುಂಟಾಗಿ ಹೊರಗಾಳಿ ಒಳನುಗ್ಗುತ್ತದೆ.

ಸೂಕ್ತವಾದ ಸಂದರ್ಭಗಳು

ತೆಳು ತಗಡಿನ ಕೆಲಸ: ಸುಮಾರು 0.8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನೂ 0.6 ಮಿಲಿಮೀಟರ್ ತಂತಿಯಿಂದ ತೂತು ಬೀಳದಂತೆ ಬೆಸೆಯಬಹುದು. ಸಾಧಾರಣ ಕಡ್ಡಿ ಬೆಸುಗೆಯಲ್ಲಿ ಇಷ್ಟು ತೆಳುವಾದ ತಗಡು ಸುಟ್ಟು ತೂತಾಗುವುದೇ ಹೆಚ್ಚು. ಆದ್ದರಿಂದ ವಾಹನಗಳ ಹೊರಮೈ ದುರಸ್ತಿಯಲ್ಲಿ ಮಿಗ್ ಪ್ರಮುಖ ಸ್ಥಾನ ಪಡೆದಿದೆ. ಅಲ್ಲಿ ಉದ್ದನೆಯ ಗೆರೆಯನ್ನು ಒಮ್ಮೆಗೇ ಹಾಕದೆ, ಅಲ್ಲಲ್ಲಿ ಚುಕ್ಕೆಗಳನ್ನಿಟ್ಟು ನಡುವೆ ಆರಲು ಬಿಟ್ಟರೆ ತಗಡು ಸೊಟ್ಟಗಾಗುವುದಿಲ್ಲ.

ಉದ್ದನೆಯ ಮತ್ತು ಪುನರಾವರ್ತಿತ ಬೆಸುಗೆ: ಕಡ್ಡಿ ಮುಗಿದಾಗಲೆಲ್ಲ ನಿಲ್ಲಿಸಿ ಬದಲಿಸುವ ಅಗತ್ಯವಿಲ್ಲ, ಮೇಲೆ ಕಟ್ಟುವ ಕಿಟ್ಟವನ್ನು ಸುತ್ತಿಗೆಯಿಂದ ಬಡಿದು ತೆಗೆಯಬೇಕಾಗಿಲ್ಲ. ಗೇಟು, ಕಿಟಕಿ ಸರಳು, ಪೀಠೋಪಕರಣದ ಚೌಕಟ್ಟುಗಳಂತಹ ವಸ್ತುಗಳನ್ನು ಸಂಖ್ಯೆಯಲ್ಲಿ ತಯಾರಿಸುವವರಿಗೆ ಇದರಿಂದ ಉಳಿಯುವ ಸಮಯ ಗಣನೀಯ.

ಯಾಂತ್ರೀಕೃತ ಉತ್ಪಾದನೆ: ತಂತಿ ತಾನಾಗಿ ಬರುವುದರಿಂದ ರೋಬೋಟ್ ತೋಳಿಗೆ ಈ ಹಿಡಿಕೆಯನ್ನು ಜೋಡಿಸುವುದು ಸುಲಭ. ಮೋಟಾರು ವಾಹನಗಳ ಕಾರ್ಖಾನೆಗಳಲ್ಲಿ ಚೌಕಟ್ಟು ಮತ್ತು ಬಿಡಿಭಾಗಗಳನ್ನು ಹೀಗೆ ಬೆಸೆಯುತ್ತಾರೆ.

ಅಲ್ಯೂಮಿನಿಯಂ: ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ತಂತಿ ಧನಧ್ರುವದಲ್ಲಿದ್ದಾಗ ಚಾಪವೇ ಈ ಪದರವನ್ನು ಒಡೆಯುತ್ತದೆ. ಆದರೂ ಬೆಸೆಯುವ ಮುನ್ನ ಸ್ಟೇನ್‌ಲೆಸ್ ಸ್ಟೀಲ್ ಕುಂಚದಿಂದ ಉಜ್ಜಿ ಶುಚಿಗೊಳಿಸುವುದು ಅವಶ್ಯಕ. ತಂತಿ ಮೃದುವಾದ್ದರಿಂದ ಮಡಚಿ ಸಿಕ್ಕಿಕೊಳ್ಳದಂತೆ, ಹಿಡಿಕೆಯಲ್ಲಿಯೇ ಸುರುಳಿ ಇರುವ ವಿಶೇಷ ಹಿಡಿಕೆಯನ್ನು ಬಳಸುವುದು ವಾಡಿಕೆ.

ಸೂಕ್ತವಲ್ಲದ ಸಂದರ್ಭಗಳು

ಬಯಲಿನಲ್ಲಿ ಬೀಸುವ ಗಾಳಿ ರಕ್ಷಕ ಅನಿಲವನ್ನು ಚದುರಿಸಿಬಿಡುತ್ತದೆ. ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದ ಮಂದ ಗಾಳಿಯೇ ಇದಕ್ಕೆ ಸಾಕು. ಆಗ ಬೆಸುಗೆಯೊಳಗೆ ಸೂಕ್ಷ್ಮ ರಂಧ್ರಗಳು ಉಳಿದು ಅದು ದುರ್ಬಲವಾಗುತ್ತದೆ. ಹೊಲದಲ್ಲಿ ಟ್ರಾಕ್ಟರ್ ಉಪಕರಣಗಳ ದುರಸ್ತಿ, ಕಟ್ಟಡದ ಮೇಲ್ಛಾವಣಿಯ ಕೆಲಸ ಮೊದಲಾದೆಡೆ ಪರದೆ ಕಟ್ಟದ ಹೊರತು ಕಡ್ಡಿ ಬೆಸುಗೆಯೇ ಮೇಲು. ಅನಿಲವಿಲ್ಲದೆ ಬೆಸೆಯಬಲ್ಲ, ಒಳಗೆ ರಾಸಾಯನಿಕ ಪುಡಿ ತುಂಬಿದ ತಂತಿಯೂ ಇಂತಹ ಕಡೆ ಉಪಯುಕ್ತ.

ತುಕ್ಕು, ಬಣ್ಣ, ಎಣ್ಣೆ ಹಿಡಿದ ಲೋಹವನ್ನು ಮಿಗ್ ಸಹಿಸುವುದಿಲ್ಲ. ಉಜ್ಜಿ ಹೊಳಪು ಬರಿಸಲಾಗದ ಹಳೆಯ ಕಬ್ಬಿಣಕ್ಕೆ ಕಡ್ಡಿ ಬೆಸುಗೆ ಸೂಕ್ತ. ಬೀಡು ಕಬ್ಬಿಣದ ದುರಸ್ತಿಗೆ ಹೆಚ್ಚಾಗಿ ನಿಕ್ಕೆಲ್ ಕಡ್ಡಿಗಳನ್ನೇ ಬಳಸುತ್ತಾರೆ. ಅತಿ ತೆಳುವಾದ, ನೋಟಕ್ಕೂ ನಿಖರತೆಗೂ ಪ್ರಾಮುಖ್ಯವಿರುವ ಕೆಲಸಕ್ಕೆ ಟಿಗ್ ವಿಧಾನ ಉತ್ತಮ. ಆದರೆ ಅದು ನಿಧಾನ, ಎರಡೂ ಕೈಗಳ ಪಳಗಿಕೆಯನ್ನು ಬೇಡುತ್ತದೆ.

ಗುಪ್ತ ದೋಷ

ಮಿಗ್ ಬೆಸುಗೆಯ ದೊಡ್ಡ ಅಪಾಯ ಅದರ ಚೆಲುವಿನಲ್ಲಿಯೇ ಅಡಗಿದೆ. ದಪ್ಪ ಲೋಹದ ಮೇಲೆ ಕಡಿಮೆ ಶಾಖದ ಹ್ರಸ್ವಮಂಡಲ ವರ್ಗಾವಣೆಯಿಂದ ಬೆಸೆದರೆ, ತಂತಿ ಕರಗಿ ಮೇಲೆ ನಯವಾಗಿ ಕೂರುತ್ತದೆ. ಆದರೆ ಕೆಳಗಿನ ಲೋಹ ಕರಗಿರುವುದಿಲ್ಲ. ಇದನ್ನು 'ಬೆರೆಯದ ಬೆಸುಗೆ' ಎನ್ನಬಹುದು. ಕಣ್ಣಿಗೆ ಕುಂದಿಲ್ಲದೆ ತೋರುವ ಇಂತಹ ಸಂದು ಭಾರ ಬಿದ್ದಾಗ ಕಿತ್ತುಬರಬಹುದು. ಟ್ರೈಲರಿನ ಕೊಂಡಿ, ಏಣಿ, ತೊಟ್ಟಿಯ ಆಧಾರಸ್ತಂಭಗಳಂತಹ ಜೀವಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ಇದರ ಪರಿಣಾಮ ಘೋರ. ಇದೇ ಕಾರಣದಿಂದ ಉಕ್ಕಿನ ಕಟ್ಟಡಗಳಿಗೆ ಸಂಬಂಧಿಸಿದ ಅಮೆರಿಕದ ಬೆಸುಗೆ ಸಂಹಿತೆಯು ಹ್ರಸ್ವಮಂಡಲ ವರ್ಗಾವಣೆಯನ್ನು, ಪರೀಕ್ಷೆಯಿಲ್ಲದೆ ನೇರವಾಗಿ ಒಪ್ಪಬಹುದಾದ ವಿಧಾನಗಳ ಪಟ್ಟಿಗೆ ಸೇರಿಸಿಲ್ಲ.

ಉಕ್ಕಿನ ಪ್ರತಿ 1 ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ತೆಳು ಲೋಹದ ಮಟ್ಟಿಗೆ ರೂಢಿಯ ಲೆಕ್ಕ. ಅದರಂತೆ 3 ಮಿಲಿಮೀಟರ್ ಉಕ್ಕಿಗೆ 120 ಆಂಪಿಯರ್ ಬೇಕು. ಯಂತ್ರಕ್ಕೆ ಅಷ್ಟು ಶಕ್ತಿ ಇಲ್ಲದಿದ್ದರೆ ಬೇರೆ ವಿಧಾನವನ್ನು ಆಯ್ದುಕೊಳ್ಳಬೇಕು. ದಪ್ಪ ಲೋಹದ ಅಂಚುಗಳನ್ನು ಇಳಿಜಾರಾಗಿ ಕಡೆದು ಹಲವು ಪದರಗಳಲ್ಲಿ ತುಂಬುವುದು ಕ್ರಮ. ಅದೇ ಲೋಹದ ತುಂಡುಗಳನ್ನು ಬೆಸೆದು, ಹಿಡಿಕೆಯಲ್ಲಿ ಸಿಕ್ಕಿಸಿ ಬಗ್ಗಿಸಿ ಮುರಿದು ನೋಡುವುದು ಸರಳವಾದ ಪರೀಕ್ಷೆ.

ವೆಚ್ಚ

ಯಂತ್ರ, ಸಿಲಿಂಡರ್ ಮತ್ತು ಅನಿಲ ನಿಯಂತ್ರಕಗಳಿಂದಾಗಿ ಮಿಗ್‌ನ ಆರಂಭಿಕ ವೆಚ್ಚ ಕಡ್ಡಿ ಬೆಸುಗೆಗಿಂತ ಹೆಚ್ಚು. ಸಿಲಿಂಡರನ್ನು ಹೊತ್ತೊಯ್ಯುವುದೂ ಕಷ್ಟ. ಆದರೆ ಕೆಲಸದ ಪ್ರಮಾಣ ಹೆಚ್ಚಿದಂತೆ ಉಳಿಯುವ ಕೂಲಿ ಮತ್ತು ಸಮಯ ಆ ವೆಚ್ಚವನ್ನು ತುಂಬಿಕೊಡುತ್ತವೆ. ತಿಂಗಳಿಗೊಮ್ಮೆ ಸಣ್ಣ ದುರಸ್ತಿ ಮಾಡುವವರಿಗೆ ಈ ಲಾಭ ದೊರೆಯುವುದಿಲ್ಲ.

ಸುರಕ್ಷತೆ

ಚಾಪದ ನೇರಳಾತೀತ ಕಿರಣಗಳು ಕಣ್ಣಿಗೆ ಮರಳು ಬಿದ್ದಂತಹ ತೀವ್ರ ಉರಿಯನ್ನೂ ಚರ್ಮಕ್ಕೆ ಸುಟ್ಟಗಾಯವನ್ನೂ ಉಂಟುಮಾಡುತ್ತವೆ. ಸಾಮಾನ್ಯವಾಗಿ 10ರಿಂದ 13ನೇ ಸಂಖ್ಯೆಯ ಗಾಜುಳ್ಳ ಮುಖಕವಚ, ಚರ್ಮದ ಕೈಗವಸು, ತುಂಬುತೋಳಿನ ಹತ್ತಿಬಟ್ಟೆ ಧರಿಸಬೇಕು. ಸತು ಲೇಪಿಸಿದ ಉಕ್ಕಿನ ಹೊಗೆಯನ್ನು ಸೇವಿಸಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಆದ್ದರಿಂದ ಲೇಪವನ್ನು ಮೊದಲೇ ಕೆರೆದು ತೆಗೆಯುವುದು ಒಳಿತು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ವಿಷಕಾರಿಯಾದ ಕ್ರೋಮಿಯಂ ಸಂಯುಕ್ತವಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುವು. ತೊಟ್ಟಿ, ಗುಂಡಿಗಳಂತಹ ಇಕ್ಕಟ್ಟಿನ ಜಾಗದಲ್ಲಿ ಇವು ತಳದಲ್ಲಿ ತುಂಬಿಕೊಂಡು ಉಸಿರುಗಟ್ಟಿಸಬಹುದು. ಹೊರಗಿನ ಗಾಳಿಯನ್ನು ತಡೆದು ಬೆಸುಗೆಯನ್ನು ಕಾಪಾಡಬೇಕು. ಕೆಲಸಗಾರನ ಉಸಿರಿಗೆ ಗಾಳಿಯೂ ಬೇಕು. ಹೊಗೆಯನ್ನು ಮಾತ್ರ ಎಳೆದೊಯ್ಯುವ ಹೀರುಕೊಳವೆಗಳು ಇವೆರಡಕ್ಕೂ ಹೊಂದುವ ಪರಿಹಾರ.