ಪೈಥಾನಿನ ಇಂಪೋರ್ಟ್ ವಿಳಂಬದ ಪೂರ್ವಕಥೆ

1991ರಲ್ಲಿ ಗೀಡೊ ವಾನ್ ರಾಸಮ್ ಅವರು ಪೈಥಾನ್ ಭಾಷೆಯನ್ನು ಲೋಕದ ಮುಂದಿರಿಸಿದಾಗ ಇಂಪೋರ್ಟ್ ಎಂಬುದು ಕಡತವೊಂದನ್ನು ಹುಡುಕಿ ಮೊದಲಿನಿಂದ ಕೊನೆಯವರೆಗೆ ನಡೆಯಿಸುವ ಸರಳ ವಿಧಿಯಾಗಿದ್ದಿತು. ಲೈಬ್ರರಿಗಳು ಪರಸ್ಪರಾಶ್ರಯದಿಂದ ಬೆಳೆದಂತೆಲ್ಲ, ಒಂದನ್ನು ಕರೆದರೆ ನೂರಾರು ಬಂದು ನಿಲ್ಲುವ ಸ್ಥಿತಿಯೊದಗಿ, ಕೇವಲ ಸಹಾಯದ ನಾಲ್ಕು ಸಾಲುಗಳನ್ನು ತೋರಬೇಕಾದ ಕಮಾಂಡ್ ಕೂಡ ಬಳಕೆದಾರನನ್ನು ಕಾಯಿಸತೊಡಗಿತು. ಕಂಪೈಲ್ ಆದ ರೂಪವನ್ನು ಪಿವೈಸಿ ಕಡತದಲ್ಲಿ ಕಾದಿರಿಸುವ ಪದ್ಧತಿಯು ಕಂಪೈಲಿನ ಶ್ರಮವನ್ನು ಉಳಿಸಿತೇ ವಿನಾ ನಡೆಯಿಸುವ ಶ್ರಮವನ್ನಲ್ಲ.

ಈ ಕ್ಲೇಶವನ್ನು ಬಹು ಮುಂಚೆಯೇ ಅರಿತ, ಪೈಥಾನಿನಲ್ಲೇ ಬರೆದ ಆವೃತ್ತಿ ನಿಯಂತ್ರಣ ತಂತ್ರಾಂಶವಾದ ಮರ್ಕ್ಯುರಿಯಲ್, ಹೆಸರೊಂದು ನಿಜವಾಗಿ ಬಳಕೆಗೆ ಬರುವ ಕ್ಷಣದವರೆಗೆ ಇಂಪೋರ್ಟನ್ನು ಮುಂದೂಡುವ ಉಪಾಯವನ್ನು ತಾನೇ ನಿರ್ಮಿಸಿಕೊಂಡಿತು. ಆದರೂ ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 2018ರಲ್ಲಿ ಬಂದ ಪೈಥಾನಿನ 3.7ನೆಯ ಆವೃತ್ತಿಯದು, ಅಲ್ಲಿ 'ಇಂಪೋರ್ಟ್‌ಟೈಮ್' ಎಂಬ ಆಯ್ಕೆಯನ್ನು ಕೊಟ್ಟೊಡನೆ ಪ್ರತಿ ಮಾಡ್ಯೂಲಿನ ಸ್ವಂತ ಕಾಲವೂ, ಅದು ಕರೆತಂದವುಗಳೂ ಸೇರಿದ ಸಂಚಿತ ಕಾಲವೂ ಮೈಕ್ರೋಸೆಕೆಂಡುಗಳಲ್ಲಿ ಎರಡು ಅಂಕಣಗಳಾಗಿ ಮೂಡಿ, ಪಕ್ಕದಲ್ಲಿ ಹೆಸರುಗಳು ತಮ್ಮ ಆಳಕ್ಕನುಗುಣವಾಗಿ ಒಳಸರಿದು ನಿಲ್ಲುವುವು. ಅಳೆಯಲಾಗದ ರೋಗಕ್ಕೆ ಊಹೆಯ ಔಷಧ ಕೊಡುತ್ತಿದ್ದವರಿಗೆ ಇದು ನಾಡಿಪರೀಕ್ಷೆಯಂತೆ ಒದಗಿತು.

ಇನ್‌ಸ್ಟಾಗ್ರಾಮಿನ ಅನುಭವದಿಂದ ಹುಟ್ಟಿ, ಇಡೀ ಪ್ರೋಗ್ರಾಮಿಗೆ ಒಮ್ಮೆಲೇ ಅನ್ವಯಿಸಬಲ್ಲ ವಿಳಂಬಿತ ಇಂಪೋರ್ಟನ್ನು ಕೋರಿದ ಪೆಪ್ 690 (ಪೆಪ್ ಎಂದರೆ ಪೈಥಾನಿನ ಸುಧಾರಣಾ ಪ್ರಸ್ತಾವ), ಬಳಕೆದಾರ ಸಮುದಾಯವು ಎರಡಾಗಿ ಒಡೆದೀತೆಂಬ ಭೀತಿಯಿಂದ 2022ರಲ್ಲಿ ತಿರಸ್ಕೃತವಾಯಿತು. ಆ ನಿರ್ಣಯವು ಕಠಿಣವಾದರೂ ಯುಕ್ತವೇ ಆಗಿದ್ದಿತು. ಪ್ರತಿಯಾಗಿ, 2025ರಲ್ಲಿ ಅಂಗೀಕೃತವಾದ ಪೆಪ್ 810, ಯಾವ ಸಾಲು ಕಾಯಬೇಕೆಂಬುದನ್ನು 'ಲೇಜಿ' ಎಂಬ ಪದದಿಂದ ಸೂಚಿಸುವ ಅಧಿಕಾರವನ್ನು ಬರೆಯುವವನಿಗೇ ಬಿಟ್ಟಿದೆ.